ಲಿನಕ್ಸ್ ಆಯ್ಕೆಯ ಮೂವತ್ತು ವರ್ಷ: ಪರಿಣತರು ಒಂದೇ ವಿತರಣೆಯನ್ನು ನೆಚ್ಚಿಕೊಳ್ಳಬೇಕೆ?

2020ರ ಡಿಸೆಂಬರ್ 8ರಂದು, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಉಚಿತ ವಿತರಣೆಗಳಲ್ಲಿ (ಬಳಸಲು ಸಿದ್ಧವಾಗಿ ಜೋಡಿಸಿದ ರೂಪಗಳಲ್ಲಿ) ಒಂದಾದ ಸೆಂಟ್‌ಓಎಸ್ ಯೋಜನೆ ಹೊರಡಿಸಿದ ಪ್ರಕಟಣೆಯೊಂದು ವರ್ಷಗಟ್ಟಲೆ ಸರ್ವರ್‌ಗಳನ್ನು ನೋಡಿಕೊಂಡು ಬಂದವರ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. 2029ರವರೆಗೆ ಅಪ್‌ಡೇಟ್ ಸಿಗುತ್ತದೆಂದು ನಂಬಿ ಅಳವಡಿಸಿಕೊಂಡಿದ್ದ ಸೆಂಟ್‌ಓಎಸ್ 8ರ ಅವಧಿ 2021ರ ಕೊನೆಗೇ ಮುಗಿಯಲಿದೆ ಎಂದು ಅದರಲ್ಲಿತ್ತು. ಹೊಸಬರು ಯಾವ ಲಿನಕ್ಸ್ ಬಳಸಬೇಕು ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಪಳಗಿದವರು ಒಂದೇ ವಿತರಣೆಯನ್ನು ನೆಚ್ಚಿಕೊಳ್ಳಬೇಕೆ ಎಂಬ ಪ್ರಶ್ನೆಗೆ ಮಾತ್ರ ಆ ದಿನದಿಂದೀಚೆಗೆ ಹಳೆಯ ಉತ್ತರಗಳು ಸಾಲುತ್ತಿಲ್ಲ.

ಮೊದಮೊದಲು ಈ ಪ್ರಶ್ನೆ ಪೂರ್ತಿಯಾಗಿ ತಾಂತ್ರಿಕವಾಗಿತ್ತು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಬಿಡುಗಡೆ ಮಾಡಿದ್ದು ಕರ್ನಲ್ (ಕಂಪ್ಯೂಟರಿನ ಯಂತ್ರಭಾಗಗಳನ್ನು ನಿಭಾಯಿಸುವ ತಿರುಳು) ಮಾತ್ರ. ಅದಕ್ಕೆ ಕಂಪೈಲರ್, ಶೆಲ್ ಮುಂತಾದವನ್ನು ಜೋಡಿಸಿ ಬಳಕೆಗೆ ಒದಗಿಸಿದವು ವಿತರಣೆಗಳು. 1993ರ ಜುಲೈನಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲಾಕ್‌ವೇರ್ ಬಂತು, ಮರುತಿಂಗಳೇ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಘೋಷಿಸಿದರು, ಅವುಗಳ ಬೆನ್ನಿಗೇ ರೆಡ್ ಹ್ಯಾಟ್ ಹುಟ್ಟಿತು. ಒಂದು ಪ್ಯಾಕೇಜ್ (ಅಳವಡಿಸಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶ) ನಡೆಯಲು ಬೇರೆ ಯಾವ ಪ್ಯಾಕೇಜುಗಳು ಬೇಕೆಂಬ ಲೆಕ್ಕವನ್ನು ಸ್ಲಾಕ್‌ವೇರ್ ಬಳಕೆದಾರರಿಗೇ ಬಿಟ್ಟಿತ್ತು. ರೆಡ್ ಹ್ಯಾಟ್‌ನ ಪ್ಯಾಕೇಜ್ ಉಪಕರಣವಾದ ಆರ್‌ಪಿಎಂ ಏನು ಕೊರತೆಯಿದೆ ಎಂದು ಹೇಳುತ್ತಿತ್ತೇ ಹೊರತು ತಾನೇ ತಂದುಕೊಡುತ್ತಿರಲಿಲ್ಲ. 1999ರಲ್ಲಿ ಡೆಬಿಯನ್ 2.1ರೊಂದಿಗೆ ಬಂದ ಆ್ಯಪ್ಟ್ ಅಷ್ಟನ್ನೂ ಒಂದೇ ಆಜ್ಞೆಯಲ್ಲಿ ಮುಗಿಸಿತು. ಆ ಕಾಲದಲ್ಲಿ ಡೆಬಿಯನ್ನೇ ಬೇಕೆಂದು ಹಟ ಹಿಡಿದವರ ಬೆನ್ನಿಗೆ ಗಟ್ಟಿ ಕಾರಣವಿತ್ತು.

ಆ ಅಂತರ ಬಹುಕಾಲ ಉಳಿಯಲಿಲ್ಲ. ರೆಡ್ ಹ್ಯಾಟ್ ಬಳಗಕ್ಕೆ ಅದೇ ಕೆಲಸ ಮಾಡುವ ಯಮ್ ಬಂತು. 2011ರಲ್ಲಿ ಅದೇ ಬಳಗದ ಫೆಡೋರಾ 15 ಒಪ್ಪಿಕೊಂಡ, ಸೇವೆಗಳನ್ನು ಆರಂಭಿಸಿ ನಿಭಾಯಿಸುವ ಸಿಸ್ಟಂಡಿ 2015ರ ಹೊತ್ತಿಗೆ ಡೆಬಿಯನ್ ಮತ್ತು ಅದರ ಮೇಲೆ ಕಟ್ಟಿದ ಉಬುಂಟುಗಳಿಗೂ ಹರಡಿತು. ಅದನ್ನು ಒಪ್ಪದವರು ಡೆಬಿಯನ್‌ನಿಂದ ಕವಲೊಡೆದು ಡೆವುವಾನ್ ಕಟ್ಟಿಕೊಂಡರು. ಇವತ್ತು ಒಂದು ಬಳಗದಲ್ಲಿ ಪಳಗಿದ ಅಡ್ಮಿನ್ ಇನ್ನೊಂದಕ್ಕೆ ಹೊಂದಿಕೊಳ್ಳಲು ಹೆಚ್ಚು ದಿನ ಬೇಕಿಲ್ಲ. ತಾಂತ್ರಿಕ ಶ್ರೇಷ್ಠತೆಯ ಮೇಲೆ ನಡೆಯುವ ವಾದಗಳು ಹೆಚ್ಚಿನಂಶ ಅಭ್ಯಾಸದ ಸಮರ್ಥನೆಯಾಗಿ ಉಳಿದಿವೆ ಎಂದೇ ನನ್ನ ಅಭಿಪ್ರಾಯ.

ಉಳಿದಿರುವ ದೊಡ್ಡ ವ್ಯತ್ಯಾಸ ಬೆಂಬಲದ ಅವಧಿಯದು, ಆ ಅವಧಿಯನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂಬುದರದು. 2003ರಲ್ಲಿ ಬಂದ ಆವೃತ್ತಿ 9ರೊಂದಿಗೆ ಹಳೆಯ ರೆಡ್ ಹ್ಯಾಟ್ ಲಿನಕ್ಸ್ ನಿಂತಿತು. ಚಂದಾ ಕಟ್ಟುವವರಿಗೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್, ಉಳಿದವರಿಗೆ ಬೇಗಬೇಗ ಬದಲಾಗುವ ಫೆಡೋರಾ ಎಂದಾಯಿತು. ಎಂಟರ್‌ಪ್ರೈಸ್ ಆವೃತ್ತಿಯ ಮೂಲ ಸಂಕೇತ (ಸೋರ್ಸ್ ಕೋಡ್) ಬಹಿರಂಗವಾಗಿದ್ದುದರಿಂದ, ಅದನ್ನೇ ತೆಗೆದುಕೊಂಡು, ಕಂಪನಿಯ ಹೆಸರು, ಲಾಂಛನಗಳನ್ನು ಕಳೆದು, ಮತ್ತೆ ಕಂಪೈಲ್ ಮಾಡಿ ಉಚಿತವಾಗಿ ಹಂಚಲು 2004ರಲ್ಲಿ ಸೆಂಟ್‌ಓಎಸ್ ಹುಟ್ಟಿತು. ಹತ್ತು ವರ್ಷದ ಅಪ್‌ಡೇಟ್, ಚಂದಾ ಇಲ್ಲ, ದುಬಾರಿ ತಂತ್ರಾಂಶಗಳೂ ತಕರಾರಿಲ್ಲದೆ ನಡೆಯುತ್ತವೆ: ಅನುಭವಿಗಳು ಅದನ್ನು ಕಣ್ಣುಮುಚ್ಚಿ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. 2014ರಲ್ಲಿ ರೆಡ್ ಹ್ಯಾಟ್ ಆ ಯೋಜನೆಯನ್ನು ತನ್ನ ತೆಕ್ಕೆಗೆ ತೆಗೆದುಕೊಂಡಾಗ ಬಹುತೇಕರಿಗೆ ಅದು ಹೆಚ್ಚಿನ ಭದ್ರತೆಯಾಗಿಯೇ ಕಂಡಿತು.

2020ರ ಪ್ರಕಟಣೆಯಲ್ಲಿ ನೋವುಂಟುಮಾಡುವ ಸಂಗತಿ ಇನ್ನೊಂದಿತ್ತು. ಹಳೆಯ ಸೆಂಟ್‌ಓಎಸ್ 7ಕ್ಕೆ ಮೊದಲೇ ಹೇಳಿದ್ದಂತೆ 2024ರ ಜೂನ್‌ವರೆಗೆ ಬೆಂಬಲ ಮುಂದುವರಿಯಿತು. ಎಂದರೆ ಹೊಸ ಆವೃತ್ತಿಗೆ ಹೋಗದೆ ಕೈಕಟ್ಟಿ ಕುಳಿತವರಿಗೆ ಮೂರೂವರೆ ವರ್ಷದ ಕಾಲಾವಕಾಶ ಉಳಿಯಿತು. 2019ರ ಸೆಪ್ಟೆಂಬರಿನಲ್ಲಿ ಬಂದ 8ಕ್ಕೆ ಶಿಸ್ತಿನಿಂದ ಬದಲಾದವರಿಗೆ ಉಳಿದದ್ದು ಒಂದು ವರ್ಷ ಮತ್ತು ಕೆಲವು ದಿನ. 2021ರಲ್ಲಿ ಆಲ್ಮಾಲಿನಕ್ಸ್, ಅದರ ಹಿಂದೆಯೇ ಸೆಂಟ್‌ಓಎಸ್ ಸ್ಥಾಪಕರಲ್ಲೊಬ್ಬರಾದ ಗ್ರೆಗರಿ ಕುರ್ಟ್ಜರ್ ಅವರ ರಾಕಿ ಲಿನಕ್ಸ್ ಈ ಜಾಗ ತುಂಬಲು ಬಂದವು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಆವೃತ್ತಿಯ ಮೂಲ ಸಂಕೇತವನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನೂ ನಿಲ್ಲಿಸಿದಾಗ, ಆಲ್ಮಾ ತದ್ರೂಪಾಗಿರುವ ಗುರಿಯನ್ನು ಬಿಟ್ಟು ತಂತ್ರಾಂಶಗಳ ಹೊಂದಾಣಿಕೆ ಉಳಿದರೆ ಸಾಕೆಂದು ನಿರ್ಧರಿಸಿತು.

ಹಾಗಿದ್ದರೆ ಯಾವ ಕಂಪನಿಯ ಒಡೆತನವೂ ಇಲ್ಲದ ಡೆಬಿಯನ್ನೇ ಉತ್ತರವೆ? ಅದರ ಮುಖ್ಯಸ್ಥರನ್ನು ಪ್ರತಿವರ್ಷ ಡೆವಲಪರ್‌ಗಳೇ ಮತ ಹಾಕಿ ಆರಿಸುತ್ತಾರೆ, 1997ರಲ್ಲಿ ಒಪ್ಪಿಕೊಂಡ ಸಾಮಾಜಿಕ ಕರಾರನ್ನು ಬದಲಿಸಲೂ ಅವರ ಮತ ಬೇಕು. ಆದರೆ ಒಡೆಯರಿಲ್ಲದಿರುವುದೇ ಎಚ್ಚರದ ಖಾತರಿಯಲ್ಲ. 2006ರಲ್ಲಿ ಮೆಮೊರಿ ತಪಾಸಣೆಯ ಉಪಕರಣವೊಂದು ಕೊಟ್ಟ ಎಚ್ಚರಿಕೆಯನ್ನು ನಿವಾರಿಸಲು ಡೆಬಿಯನ್‌ನಲ್ಲಿ ಮಾಹಿತಿಯನ್ನು ಗುಪ್ತವಾಗಿಡಲು ಬಳಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಅದರಿಂದ, ಗುಪ್ತ ಕೀಲಿಗಳನ್ನು ರೂಪಿಸುವ ಯಾದೃಚ್ಛಿಕ ಸಂಖ್ಯೆಗಳಿಗೆ ಉಳಿದ ಆಧಾರ, ನಡೆಯುತ್ತಿರುವ ಪ್ರೋಗ್ರಾಮಿಗೆ ಸಿಗುವ ಪ್ರಾಸೆಸ್ ಸಂಖ್ಯೆಯೊಂದೇ, ಅದರ ಸಾಧ್ಯ ಮೌಲ್ಯಗಳೋ 32,768ರೊಳಗೆ. ಊಹಿಸಲಾಗದ್ದಾಗಿರಬೇಕಾದ ಕೀಲಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಕಂಡುಹಿಡಿಯಬಹುದಾದ ಈ ಸ್ಥಿತಿ 2008ರ ಮೇ ತಿಂಗಳಲ್ಲಿ ಬೆಳಕಿಗೆ ಬರುವವರೆಗೆ ಉಬುಂಟುವನ್ನೂ ಸೇರಿಸಿ ನಡೆದುಕೊಂಡು ಹೋಯಿತು.

2024ರ ಮಾರ್ಚ್‌ನಲ್ಲಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಪತ್ತೆಯಾದಾಗ ಇನ್ನೊಂದು ಮುಖ ಕಂಡಿತು. ಡೆಬಿಯನ್‌ನ ಅಸ್ಥಿರ ಶಾಖೆಯಲ್ಲಿ ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದುದನ್ನು ಗಮನಿಸಿ ಅದನ್ನು ಬಯಲಿಗೆಳೆದವರು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರೌಂಡ್. ಎಸ್‌ಎಸ್‌ಎಚ್ ಒದಗಿಸುವ ಓಪನ್‌ಎಸ್‌ಎಸ್‌ಎಚ್ ತಾನಾಗಿ ಎಕ್ಸ್‌ಝಡ್ ಅನ್ನು ಬಳಸುವುದಿಲ್ಲ. ಡೆಬಿಯನ್, ಫೆಡೋರಾಗಳು ಸಿಸ್ಟಂಡಿಗೆ ಸೂಚನೆ ಕಳಿಸಲೆಂದು ಸೇರಿಸಿದ್ದ ತೇಪೆಯ (ಪ್ಯಾಚ್) ಮೂಲಕ ಆ ಕೊಂಡಿ ಏರ್ಪಟ್ಟಿತ್ತು. ಕೇಡಿನ ಸಂಕೇತವೂ, ತನ್ನನ್ನು ಕಟ್ಟುತ್ತಿರುವುದು ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಿಗಾಗಿಯೇ ಎಂದು ಪರೀಕ್ಷಿಸಿಯೇ ಮುಂದುವರಿಯುತ್ತಿತ್ತು. ಎಲ್ಲರೂ ಎರಡೇ ಬಳಗಗಳಲ್ಲಿ ನೆಲೆಸಿದರೆ ದಾಳಿಕೋರರು ಗುರಿಯಿಡುವುದೂ ಅಲ್ಲಿಗೇ.

ನನ್ನ ನಿಲುವು ಇಷ್ಟು: ಪರಿಣತರಿಗೆ ಒಂದು ವಿತರಣೆಯ ಮೇಲೆ ಒಲವಿರಲಿ, ಏಕೆಂದರೆ ಅದರ ಪ್ಯಾಕೇಜುಗಳಿಗೆ ಬಿದ್ದಿರುವ ತೇಪೆಗಳವರೆಗೆ ಇಳಿದು ನೋಡುವ ಆಳ ಹತ್ತು ವಿತರಣೆಗಳಲ್ಲಿ ಕೈಯಾಡಿಸಿದರೆ ಬರುವುದಿಲ್ಲ. ಒರೇಕಲ್ ಡೇಟಾಬೇಸ್, ಸ್ಯಾಪ್ ಹಾನಾದಂಥ ವಾಣಿಜ್ಯ ಡೇಟಾಬೇಸ್‌ಗಳನ್ನು ನಡೆಸುವವರಿಗೆ ಆಯ್ಕೆಯೇ ಕಿರಿದು. ಅವುಗಳ ಮಾನ್ಯತಾ ಪಟ್ಟಿಯಲ್ಲಿ ಡೆಬಿಯನ್ ಇಲ್ಲದಿರುವುದರಿಂದ, ಪಟ್ಟಿಯಲ್ಲಿರುವ ವಿತರಣೆಯ ಚಂದಾವನ್ನು ಬಜೆಟ್‌ನಲ್ಲೇ ಸೇರಿಸಿಕೊಳ್ಳುವುದು ಕ್ಷೇಮ. ಅಂಥ ಕಟ್ಟುಪಾಡಿಲ್ಲದ ಕಡೆ ನಾನು ಡೆಬಿಯನ್ ಪರ, ಅದರ ಬೆಂಬಲ ವಿಸ್ತರಣೆ ಸೇರಿದರೂ ಐದೇ ವರ್ಷವೆಂಬುದನ್ನು ತಿಳಿದೇ. ಆ ಐದು ವರ್ಷದೊಳಗೆ ಒಮ್ಮೆಯಾದರೂ ಅದೇ ಸೇವೆಗಳನ್ನು ಆಲ್ಮಾ ಅಥವಾ ರಾಕಿಯ ಮೇಲೆ ಮೊದಲಿನಿಂದ ಕಟ್ಟಿ, ಬ್ಯಾಕಪ್‌ನಿಂದ ಡೇಟಾ ಮರಳಿಸಿ ನೋಡುವ ಕೆಲಸವನ್ನು ತಂಡದ ವೇಳಾಪಟ್ಟಿಯಲ್ಲಿ ಬರೆದಿಡಬೇಕು. 2020ರ ಡಿಸೆಂಬರಿನಲ್ಲಿ ಅಂಥ ಅಭ್ಯಾಸವಿದ್ದ ತಂಡಗಳಿಗೆ ಒಂದು ವರ್ಷದ ಗಡುವು ಧಾರಾಳವಾಗಿ ಸಾಕಾಗುತ್ತಿತ್ತು.