ಒಂದು ಪರ್ಸೆಂಟ್ ತಪ್ಪು ಅಂದ್ರೆ ಯಾವುದರಲ್ಲಿ ಒಂದು ಪರ್ಸೆಂಟ್?

ಮೈಸೂರಿನ ಸಿಎಫ್‌ಟಿಆರ್‌ಐನಲ್ಲೋ ಮಾನಸಗಂಗೋತ್ರಿಯಲ್ಲೋ ರಾಗಿಯ ಪ್ರೋಟೀನ್ ಪಟ್ಟಿ ಮಾಡಲು ಕೂತವರು ಎಫ್‌ಡಿಆರ್ (ಪಟ್ಟಿಯಲ್ಲಿ ತಪ್ಪಿನ ಪಾಲು ಎಷ್ಟಿರಬಹುದು ಅನ್ನುವ ಅಂದಾಜು) 1% ಅಂತ ಬರೆದರೆ ಸಾಕು, ಓದುವವರು ಮುಂದೆ ಹೋಗುತ್ತಾರೆ. ಆ ಅಂಕಿ ಹುಟ್ಟಿದ್ದು ಹೇಗೆ ಅಂತ ತಿಳಿಯದೆ ಪಟ್ಟಿಯನ್ನು ನಂಬಬಾರದು.

ಯಂತ್ರ (ಮಾಸ್ ಸ್ಪೆಕ್ಟ್ರೋಮೀಟರ್) ಪೆಪ್ಟೈಡನ್ನು, ಅಂದ್ರೆ ಪ್ರೋಟೀನಿನ ಚೂರನ್ನು, ಓದಿ ಹೇಳುವುದಿಲ್ಲ. ಟ್ರಿಪ್ಸಿನ್ ಅನ್ನುವ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ, ಯಂತ್ರ ಚೂರುಗಳ ತೂಕ ನೋಡಿ, ಅವನ್ನು ಮತ್ತೆ ಒಡೆದು ತುಣುಕುಗಳ ತೂಕವನ್ನೂ ನೋಡುತ್ತದೆ, ಅದಕ್ಕೆ ಹೊಂದುವ ಹೆಸರನ್ನು ಸಾಫ್ಟ್‌ವೇರ್ ಡೇಟಾಬೇಸ್‌ನಲ್ಲಿ ಹುಡುಕುತ್ತದೆ. 1994ರಲ್ಲಿ ಎಂಗ್, ಮೆಕಾರ್ಮಕ್, ಯೇಟ್ಸ್ ಅವರ ಸೀಕ್ವೆಸ್ಟ್ ಸಾಫ್ಟ್‌ವೇರ್ ಈ ದಾರಿ ತೆರೆಯಿತು. 1999ರಲ್ಲಿ ಇಂಥದ್ದೇ ಇನ್ನೊಂದು, ಮ್ಯಾಸ್ಕಾಟ್, ಬಂತು. ತೊಂದರೆ ಏನಂದ್ರೆ, ಸರಿಯಾದ ಉತ್ತರ ಡೇಟಾಬೇಸ್‌ನಲ್ಲಿ ಇರಲಿ ಬಿಡಲಿ, ಇದ್ದುದರಲ್ಲೇ ಚೆನ್ನಾಗಿ ಹೊಂದುವುದನ್ನು ಅದು ಎತ್ತಿಕೊಡುತ್ತದೆ. ಎಷ್ಟು ಸ್ಕೋರ್ ಬಂದರೆ ನಂಬಬೇಕು ಅನ್ನುವುದು ಒಂದೊಂದು ಲ್ಯಾಬ್‌ನಲ್ಲಿ ಒಂದೊಂದು ಥರ ಇತ್ತು.

2002ರಲ್ಲಿ ಪೆಪ್ಟೈಡ್‌ಪ್ರಾಫೆಟ್ ಅನ್ನುವ ಸಾಫ್ಟ್‌ವೇರ್ ಪ್ರತಿ ಉತ್ತರಕ್ಕೂ ಸರಿಯಿರುವ ಸಂಭವ ಎಷ್ಟು ಅಂತ ಲೆಕ್ಕ ಹಾಕಿಕೊಟ್ಟಿತು. ಅದೇ ಹೊತ್ತಿಗೆ ಇನ್ನೊಂದು ಉಪಾಯವೂ ಬಂತು: ಡೇಟಾಬೇಸ್‌ಗೆ ಸುಳ್ಳು ಪ್ರೋಟೀನ್‌ಗಳನ್ನು ಸೇರಿಸುವುದು. ಹಸುವಿನ ಆಲ್ಬುಮಿನ್ ಪ್ರೋಟೀನಿನ ಒಂದು ಪೆಪ್ಟೈಡ್, ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಅಕ್ಷರದಂತೆ, ಎಲ್-ವಿ-ಎನ್-ಇ-ಎಲ್-ಟಿ-ಇ-ಎಫ್-ಎ-ಕೆ. ಕೊನೆಯ ಕೆ ಬಿಟ್ಟು ತಿರುಗಿಸಿದರೆ ಎ-ಎಫ್-ಇ-ಟಿ-ಎಲ್-ಇ-ಎನ್-ವಿ-ಎಲ್-ಕೆ. ಒಟ್ಟು ತೂಕ ಅದೇ, ಆದರೆ ಸ್ಯಾಂಪಲ್‌ನಲ್ಲಿ ಇಂಥದ್ದು ಇರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು. ಡಿಕಾಯ್ ಅನ್ನುವ ಇಂಥ 100 ಸುಳ್ಳು ಪೆಪ್ಟೈಡ್‌ಗಳು ಪಾಸಾದರೆ, ಅಸಲಿ ಪಟ್ಟಿಯಲ್ಲೂ ಸುಮಾರು 100 ತಪ್ಪು ಕೂತಿವೆ ಅಂತ ಲೆಕ್ಕ. 2007ರಲ್ಲಿ ಎಲಿಯಾಸ್ ಮತ್ತು ಗೈಗಿ ಇದಕ್ಕೆ ಗಟ್ಟಿ ಬುನಾದಿ ಹಾಕಿದರು. ಇಷ್ಟು ಸರಳ ಉಪಾಯ ಇಷ್ಟು ದೂರ ಬಂದದ್ದು ನನಗೆ ಈಗಲೂ ಬೆರಗು.

ಆದರೆ ಡಿಕಾಯ್ ಹಿಡಿಯುವುದು ಸುಮ್ನೆ ಆಕಸ್ಮಿಕವಾಗಿ ಹೊಂದಿದ ತಪ್ಪನ್ನು ಮಾತ್ರ. ರಾಗಿಯ ಎಂಎಲ್-365 ತಳಿಯ ಜೀನೋಮ್ ಪ್ರಕಟವಾದದ್ದು 2017ರಲ್ಲಿ. ಅದಿಲ್ಲದೆ ಭತ್ತದಂಥ ನೆಂಟರ ಡೇಟಾಬೇಸ್‌ನಲ್ಲಿ ರಾಗಿಯನ್ನು ಹುಡುಕಿದರೆ, ಒಂದೆರಡು ಅಕ್ಷರ ಬೇರೆಯಾದ ಪೆಪ್ಟೈಡ್ ಜೋರು ಸ್ಕೋರ್ ಪಡೆದು ಒಳಗೆ ಬರಬಹುದು. ಈ ತಪ್ಪನ್ನು ಎಫ್‌ಡಿಆರ್ ಪೂರ್ತಿ ಎಣಿಸುವುದಿಲ್ಲ.

ಇನ್ನೊಂದು ಎಡವಟ್ಟು ಪ್ರೋಟೀನ್ ಎಣಿಸುವಾಗ ಆಗುತ್ತದೆ. 10,000 ಪೆಪ್ಟೈಡ್ ಹೊಂದಿಕೆಗಳಲ್ಲಿ 100 ತಪ್ಪು ಅಂದುಕೊಳ್ಳಿ. ಸರಿಯಾದ 9,900 ಸೇರಿ 2,000 ಪ್ರೋಟೀನ್‌ಗಳ ಮೇಲೆ ಗುಂಪುಗೂಡುತ್ತವೆ. ತಪ್ಪಾದವು ಚೆಲ್ಲಾಪಿಲ್ಲಿಯಾಗಿ ಬೇರೆಬೇರೆ 100 ಪ್ರೋಟೀನ್ ತೋರಿಸುತ್ತವೆ. ಒಂದು ಪರ್ಸೆಂಟ್ ಹೋಗಿ ಸುಮಾರು ಐದು ಆಯ್ತಲ್ವಾ?

2014ರಲ್ಲಿ ಮಾನವ ಪ್ರೋಟಿಯೋಮ್‌ನ (ದೇಹದ ಎಲ್ಲ ಪ್ರೋಟೀನ್‌ಗಳ ಪಟ್ಟಿಯ) ಎರಡು ಕರಡುಗಳು ಒಟ್ಟಿಗೆ ನೇಚರ್ ಪತ್ರಿಕೆಯಲ್ಲಿ ಬಂದವು. ಒಂದರಲ್ಲಿ ಅಖಿಲೇಶ್ ಪಾಂಡೆ ತಂಡದ ಜೊತೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಕೂಡ ಇತ್ತು. ಮೂಗಿನ ಅಂಗಾಂಶವನ್ನೇ ನೋಡದಿದ್ದರೂ, ವಾಸನೆ ಹಿಡಿಯುವ ರಿಸೆಪ್ಟರ್‌ಗಳು ಎರಡರಲ್ಲೂ ನೂರಕ್ಕಿಂತ ಜಾಸ್ತಿ ಸಿಕ್ಕಿದ್ದವು. ಸ್ಪೇನಿನ ಸಂಶೋಧಕರು ಅದನ್ನೇ ಹಿಡಿದು ಪ್ರಶ್ನಿಸಿದರು. 2016ರ ಹೊತ್ತಿಗೆ ಹ್ಯೂಮನ್ ಪ್ರೋಟಿಯೋಮ್ ಪ್ರಾಜೆಕ್ಟ್ ನಿಯಮ ಬಿಗಿ ಮಾಡಿತು: ಹೊಸ ಪ್ರೋಟೀನ್ ಸಿಕ್ಕಿದೆ ಅನ್ನಬೇಕಾದರೆ, ಕನಿಷ್ಠ 9 ಅಮೈನೋ ಆಮ್ಲ ಉದ್ದದ ಎರಡು ಬೇರೆಬೇರೆ ಪೆಪ್ಟೈಡ್‌ಗಳನ್ನು ಸ್ಪೆಕ್ಟ್ರಮ್ (ಯಂತ್ರ ದಾಖಲಿಸಿದ ತೂಕಗಳ ಚಿತ್ರ) ಸಮೇತ ತೋರಿಸಬೇಕು.