ನೆನೆದ ಕಾಳು ಬೆಂದ ಕಾಳಲ್ಲ

ಬಸವನಗುಡಿಯ ನನ್ನ ಸಲಹಾ ಕೊಠಡಿಗೆ ಬರುವವರಲ್ಲಿ ಬೆಳಗಿನ ತಿಂಡಿಗೆ ನೆನೆಸಿದ ಧಾನ್ಯವನ್ನೂ ಹಣ್ಣನ್ನೂ ತಿನ್ನತೊಡಗಿರುವವರು ಹೆಚ್ಚುತ್ತಿರುವುದು ಆಹಾರತಜ್ಞೆಯಾದ ನನಗೆ ಸಂತೋಷದ ಸಂಗತಿಯೇ. ಆದರೆ ರಾತ್ರಿಯಿಡೀ ನೀರಿನಲ್ಲಿದ್ದು ಮೆತ್ತಗಾದ ಕಾಳು ಹಾಗೆಯೇ ತಿನ್ನಲು ಸಿದ್ಧವೆಂಬ ನಂಬಿಕೆಯನ್ನು ಅವರಿಂದ ಬಿಡಿಸಲು ನನಗೆ ಸಾಕುಸಾಕಾಗುತ್ತದೆ.

ಅವಲಕ್ಕಿಯನ್ನು ನೆನೆಸಿ ತಿನ್ನುತ್ತೇವಲ್ಲ, ಜೋಳವನ್ನೇಕೆ ತಿನ್ನಬಾರದು ಎಂದು ಅವರು ಕೇಳುತ್ತಾರೆ. ಭತ್ತವನ್ನು ನೆನೆಸಿ, ಹುರಿದು, ಬಳಿಕ ಚಪ್ಪಟೆ ಮಾಡಿದ್ದೇ ಅವಲಕ್ಕಿ. ಅದಕ್ಕೆ ಬೆಂಕಿಯ ಶಾಖ ಮೊದಲೇ ತಗುಲಿದೆ. ಚಪ್ಪಟೆ ಓಟ್ಸ್ ಕೂಡ ಕಾರ್ಖಾನೆಯಲ್ಲಿ ಹಬೆ ಕಂಡೇ ಬಂದಿರುತ್ತದೆ. ಇಡೀ ಜೋಳ, ಗೋಧಿ, ನವಣೆಗಳು ಹಾಗಲ್ಲ. ಅವುಗಳೊಳಗಿನ ಪಿಷ್ಟದ ಕಣಗಳು ನೀರಿನ ಜೊತೆಗೆ ಬಿಸಿಯೂ ಸೇರಿದಾಗ ಹಿಗ್ಗಿ, ಸಡಿಲಗೊಂಡು, ಜೀರ್ಣರಸಕ್ಕೆ ಸುಲಭವಾಗಿ ಒದಗುತ್ತವೆ. ನೆನೆಸುವುದರಿಂದ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲ ಸ್ವಲ್ಪ ಕಡಿಮೆಯಾಗುತ್ತದೆ, ಬೇಯುವ ಹೊತ್ತೂ ತಗ್ಗುತ್ತದೆ. ಆದರೆ ಬೇಯಿಸುವ ಕೆಲಸವನ್ನು ನೀರೊಂದೇ ಮಾಡಲಾರದು. ಕೋಸಂಬರಿಯ ಹೆಸರುಬೇಳೆ ಸಿಪ್ಪೆ ತೆಗೆದು ಒಡೆದದ್ದು, ನಾವು ತಿನ್ನುವುದೂ ಸ್ವಲ್ಪವೇ. ಅದನ್ನು ನೋಡಿ ರಾಜ್ಮಾವನ್ನು ಹಸಿಯಾಗಿ ತಿನ್ನಲು ಹೋಗಬೇಡಿ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿ, ಭೇದಿ ತರಿಸಬಲ್ಲದು, ಅದು ಚೆನ್ನಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ.

ಬನಶಂಕರಿಯಿಂದ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ನೆನೆಸಿದ ಜೋಳವನ್ನು ಬಾಳೆಹಣ್ಣಿನೊಡನೆ ಮಿಕ್ಸಿಗೆ ಹಾಕಿ ಹತ್ತು ದಿನ ಕುಡಿದಿದ್ದರು. "ಹೊಟ್ಟೆ ಉಬ್ಬರಿಸುತ್ತೆ ಮೇಡಂ, ಆದರೂ ಒಳ್ಳೇದಂತ ಬಿಟ್ಟಿಲ್ಲ" ಎಂದಾಗ ಅವರ ಶ್ರದ್ಧೆಯ ಬಗ್ಗೆ ಪ್ರೀತಿಯೂ, ಅಷ್ಟು ದಿನ ಸುಮ್ಮನೆ ನರಳಿದರಲ್ಲ ಎಂಬ ಸಂಕಟವೂ ಒಟ್ಟಿಗೇ ಆದವು. ಅದೇ ಜೋಳವನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಆರಿಸಿ, ಮೊಸರು ಬೆರೆಸಿ, ಮೇಲೆ ಹಣ್ಣು ಹೆಚ್ಚಿ ಹಾಕಿಕೊಳ್ಳಲು ಹೇಳಿದೆ. ಬೇಸಿಗೆಯಲ್ಲಿ ಬೆಂಗಳೂರಿನ ಅಡುಗೆಮನೆಯಲ್ಲೂ ನೆನೆಹಾಕಿದ ಕಾಳು ಬೆಳಗಾಗುವಷ್ಟರಲ್ಲಿ ಹುಳಿವಾಸನೆ ಹಿಡಿಯುವುದುಂಟು. ಆಗ ಪಾತ್ರೆಯನ್ನು ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಹಣ್ಣಿನ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಿಲ್ಲ. ಸೀಬೆಹಣ್ಣಿನಲ್ಲಿ ವಿಟಮಿನ್ ಸಿ ಹೇರಳವಾಗಿದ್ದು, ಧಾನ್ಯದ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ. ಆದ್ದರಿಂದ ನನ್ನ ಮೊದಲ ಆಯ್ಕೆ ಅದೇ. ಸೋಸಿದ ರಸ ಬೇಡ, ಹಣ್ಣನ್ನೇ ತಿನ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ ಸುಮಾರು 100 ಗ್ರಾಂ ಹಣ್ಣನ್ನು ಸೂಚಿಸುತ್ತದೆ. ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಯಾವ ಹಣ್ಣು, ಎಷ್ಟು ಎಂಬುದನ್ನು ತಮ್ಮ ವೈದ್ಯರೊಡನೆ ಮಾತನಾಡಿಯೇ ನಿರ್ಧರಿಸಬೇಕು. ಕಾಫಿಯನ್ನು ಮಾತ್ರ ತಿಂಡಿಯ ಜೊತೆಗೆ ಕುಡಿಯದೆ ಒಂದು ಗಂಟೆ ತಡಮಾಡಿ, ಏಕೆಂದರೆ ಅದು ಕಬ್ಬಿಣದ ಹೀರುವಿಕೆಗೆ ಅಡ್ಡಿಯಾಗುತ್ತದೆ.

ಆ ಶಿಕ್ಷಕಿ ಮುಂದಿನ ತಿಂಗಳು ಬಂದಾಗ ಸ್ಟೀಲ್ ಡಬ್ಬಿಯೊಂದನ್ನು ತಂದಿದ್ದರು. ಬೆಂದ ಜೋಳ, ಮೊಸರು, ಸಣ್ಣಗೆ ಹೆಚ್ಚಿದ ಸೀಬೆ, ಒಂದು ಹಿಡಿ ದಾಳಿಂಬೆ; ಅರ್ಧವನ್ನು ನಾನೇ ತಿಂದೆ.