ಮರಿಮೀನಿಗೆ ಉಪ್ಪಿನ ಏರಿಳಿತವೇ ದಾರಿ

ಕುರುಡಿ ಮೀನು ಮೊಟ್ಟೆಯಿಡುವುದು ಹೊಳೆ ಕಡಲು ಸೇರುವ ಅಳಿವೆಯ ಬಾಯಿಯ ಬಳಿ, ಲೀಟರಿಗೆ ಸುಮಾರು 28ರಿಂದ 35 ಗ್ರಾಂ ಉಪ್ಪಿರುವ ನೀರಿನಲ್ಲಿ. ನೀರು 28 ಡಿಗ್ರಿ ಇದ್ದರೆ 16–18 ಗಂಟೆಗಳಲ್ಲಿ ಮರಿ ಹೊರಬರುತ್ತದೆ. ಉದ್ದ ಒಂದೂವರೆ ಮಿಲಿಮೀಟರ್ ಆಸುಪಾಸು. ಹೊಳೆಯ ಸೆಳೆತಕ್ಕೆ ಎದುರಾಗಿ ಈಜುವ ಕಸುವು ಅದಕ್ಕಿಲ್ಲ. ಆದರೂ ಕೆಲವೇ ವಾರಗಳಲ್ಲಿ ಅದು ಅಳಿವೆಯೊಳಗಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಇರುತ್ತದೆ.

ಅಳಿವೆಗೆ ಬರುವ ಅನೇಕ ಜಾತಿಯ ಮರಿಗಳದು ಒಂದೇ ಉಪಾಯ. ಉಬ್ಬರದಲ್ಲಿ ಮೇಲೆದ್ದು ನೀರಿನೊಡನೆ ಒಳಗೆ ಸಾಗುತ್ತವೆ. ಇಳಿತ ಶುರುವಾದೊಡನೆ ತಳ ಸೇರುತ್ತವೆ. ತಳದಲ್ಲಿ ಸೆಳೆತ ಕಡಿಮೆ. ಮೇಲೇಳುವ ಹೊತ್ತನ್ನು ತಿಳಿಸುವ ಸೂಚನೆಗಳಲ್ಲಿ ಏರುತ್ತಿರುವ ಉಪ್ಪೂ ಒಂದು.

ಮೀನಿನ ರಕ್ತದಲ್ಲಿ ಕಡಲನೀರಿನ ಮೂರನೇ ಒಂದು ಪಾಲಿನಷ್ಟು ಉಪ್ಪು. ಕಡಲಿನಲ್ಲಿದ್ದಾಗ ಮೈಯಿಂದ ನೀರು ಸೋರುತ್ತದೆ, ಮೀನು ನೀರು ಕುಡಿದು ಕಿವಿರುಗಳಿಂದ ಉಪ್ಪನ್ನು ಹೊರದೂಡುತ್ತದೆ. ಸಿಹಿನೀರಿನಲ್ಲಿ ಇದೆಲ್ಲ ತಿರುವುಮುರುವು. ಕಿವಿರಿನ ಕೋಶಗಳು ಹೊಸ ಕೆಲಸಕ್ಕೆ ಪೂರ್ತಿ ಹೊಂದಿಕೊಳ್ಳಲು ದಿನಗಳೇ ಬೇಕು, ಬೆಳೆಯಲು ಬೇಕಾದ ಶಕ್ತಿಯೂ ಅದಕ್ಕೇ ಹೋಗುತ್ತದೆ. ಆಷಾಢದ ಮಳೆ ಒಂದೇ ರಾತ್ರಿ ಉಪ್ಪನ್ನು ತೊಳೆದರೆ ಮರಿ ಬದುಕುವುದು ತಳದಲ್ಲಿ ಉಳಿದ ಭಾರದ ಉಪ್ಪುನೀರನ್ನು ನಂಬಿ. ಮೇಲ್ನೀರನ್ನು ಒಂದು ಸೀಸೆಯಲ್ಲಿ ತುಂಬಿ ತಂದು ಅಳಿವೆಯ ಉಪ್ಪು ಇಷ್ಟೇ ಎಂದರೆ ಖಂಡಿತ ತಪ್ಪು. ತಳದ ನೀರನ್ನೂ ಅಳೆಯಲೇಬೇಕು.

ಆಮ್ಲಜನಕವನ್ನು ಅಳೆಯಬೇಕಾದದ್ದು ನಸುಕಿನಲ್ಲಿ. 30 ಡಿಗ್ರಿಯ ಕಡಲನೀರು ಹಿಡಿದಿಡುವುದೇ ಲೀಟರಿಗೆ ಸುಮಾರು 6 ಮಿಲಿಗ್ರಾಂ. ರಾತ್ರಿಯಿಡೀ ಪಾಚಿ ಮತ್ತು ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿ 2ಕ್ಕಿಂತ ಕೆಳಗಿಳಿಸಿದರೆ ಮರಿಗಳು ತಳ ಬಿಟ್ಟು ಮೇಲೆ ಬರುತ್ತವೆ, ಅಲ್ಲಿ ಬೆಳ್ಳಕ್ಕಿಗಳ ಪಾಲಾಗುತ್ತವೆ.

ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಮಳೆಗಾಲದ ಸಿಹಿನೀರು ಬೇಸಿಗೆಗೆ ಬಹುತೇಕ ಕಡಲನೀರಾಗುತ್ತದೆ. ಪಕ್ಕದ ಶರಾವತಿಯ ಕತೆ ಬೇರೆ. ಲಿಂಗನಮಕ್ಕಿ ಕಟ್ಟಿದ ಮೇಲೆ ವಿದ್ಯುತ್ತಿಗಾಗಿ ಬಿಡುವ ನೀರು ವರ್ಷವಿಡೀ ಬರುತ್ತದೆ, ಹೊನ್ನಾವರದ ಅಳಿವೆ ಬೇಸಿಗೆಯಲ್ಲೂ ಸಪ್ಪೆ. ಉಪ್ಪು ಬೇಕಾದ ಬಳಚು ಎಂಬ ಚಿಪ್ಪುಜೀವಿ ಅಲ್ಲಿ ಬಹುಪಾಲು ಕಣ್ಮರೆಯಾಗಿದೆ. ನದಿಗೆ ನೀರು ಬಿಟ್ಟರೆ ಸಾಕು ಎನ್ನುವವರು ಯಾವ ತಿಂಗಳು, ಎಷ್ಟು ಎಂಬುದನ್ನೂ ಹೇಳಬೇಕು.

ಮರಿಯ ಒಳಗಿವಿಯಲ್ಲಿರುವ ಪುಟ್ಟ ಸುಣ್ಣದ ಕಲ್ಲಿನಲ್ಲಿ, ಅಂದರೆ ಕಿವಿಗಲ್ಲಿನಲ್ಲಿ, ದಿನಕ್ಕೊಂದು ಉಂಗುರ ಮೂಡುತ್ತದೆ. ಅದನ್ನು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಎಣಿಸಬಹುದು. ಉಂಗುರಗಳು ಒತ್ತೊತ್ತಾಗಿದ್ದರೆ ಆ ದಿನಗಳಲ್ಲಿ ಬೆಳವಣಿಗೆ ನಿಧಾನ. ಉಪ್ಪುನೀರಿನ ದಿನಗಳ ಉಂಗುರಗಳಲ್ಲಿ ಸಾಮಾನ್ಯವಾಗಿ ಸ್ಟ್ರಾಂಷಿಯಂ ಹೆಚ್ಚು, ಸಿಹಿನೀರಿನವುಗಳಲ್ಲಿ ಬೇರಿಯಂ.